ಕಬ್ಬಾಳಿನ ಅರೆಬೆಂದ ಕಲ್ಲು

ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿ ತಲುಪಿ, ಅಲ್ಲಿಂದ ಮರಳವಾಡಿ ಕಡೆಗೆ ಹೊರಳಿದರೆ ದಾರಿಯುದ್ದಕ್ಕೂ ಕಣ್ಣಿಗೆ ಬೀಳುವುದು ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪು ಮತ್ತು ಬಂಡೆ. ಹಾಸುಬಂಡೆಯ ಮೇಲೆ ರಾಗಿ ತೆನೆ ಹರಡುವುದು, ಹುಣಸೆಹಣ್ಣು ಒಣಹಾಕುವುದು, ಅದೇ ಬಂಡೆಯಿಂದ ಚಪ್ಪಡಿ ಎಬ್ಬಿಸಿ ಮನೆಗೆ ಹಾಸುವುದು ಇಲ್ಲಿನ ಜನರಿಗೆ ತಲೆಮಾರುಗಳಿಂದ ಬಂದ ವಾಡಿಕೆ. ಬಂಡೆ ಎಂದರೆ ಇಲ್ಲಿ ಬಂಡೆ, ಅಷ್ಟೆ. ಅದಕ್ಕೂ ಒಂದು ಇತಿಹಾಸವಿದೆ ಎಂದು ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ.

ಆದರೆ ಮರಳವಾಡಿಗೆ ನೈರುತ್ಯದಲ್ಲಿ, ಕನಕಪುರ ಮತ್ತು ಸಾತನೂರು ದಾಟಿದ ಮೇಲೆ ಸಿಗುವ ಕಬ್ಬಾಳು ಎಂಬ ಊರಿನ ಬಂಡೆಗಳು ಭೂವಿಜ್ಞಾನದ ಚರಿತ್ರೆಯಲ್ಲಿ ಪ್ರತ್ಯೇಕ ಸ್ಥಾನ ಪಡೆದಿವೆ. ನಾಡಿನ ಜನ ಕಬ್ಬಾಳಿಗೆ ಹೋಗುವುದು ಕಬ್ಬಾಳಮ್ಮನ ದರ್ಶನಕ್ಕೆ. ಚರಿತ್ರೆ ಬಲ್ಲವರಿಗೆ ಅಲ್ಲಿನ ದುರ್ಗ ಮೈಸೂರು ಅರಸರ ಕಾಲದ ಸೆರೆಮನೆಯಾಗಿ ಗೊತ್ತು; 1734ರಲ್ಲಿ ಪಟ್ಟದಿಂದ ಇಳಿಸಲಾದ ಏಳನೆಯ ಚಾಮರಾಜ ಒಡೆಯರು ಕೊನೆಯುಸಿರೆಳೆದದ್ದು ಅಲ್ಲಿಯೇ. ಬ್ರಿಟನ್, ಜರ್ಮನಿ, ಅಮೆರಿಕದ ವಿಜ್ಞಾನಿಗಳು ಅಲ್ಲಿಗೆ ಬಂದದ್ದು ಮಾತ್ರ ಬೇರೆ ಕಾರಣಕ್ಕೆ. ಊರ ಬಳಿಯ ಒಂದು ಕಲ್ಲು ಕ್ವಾರಿಯನ್ನು ನೋಡಲು ಅವರು ಬಂದರು. ನೆಲದ ಅಡಿಯಲ್ಲಿ ಸುಮಾರು 20 ಕಿಲೋಮೀಟರ್ ಆಳದಲ್ಲಿ ಒಂದು ಬಗೆಯ ಕಲ್ಲು ಮತ್ತೊಂದು ಬಗೆಯ ಕಲ್ಲಾಗಿ ಮಾರ್ಪಡುತ್ತಿದ್ದಾಗ, ಆ ಕೆಲಸ ಅರ್ಧದಲ್ಲೇ ನಿಂತುಹೋದ ದೃಶ್ಯ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಭೂಮಿಯ ಖಂಡಗಳು ಹೇಗೆ ಗಟ್ಟಿಯಾದವು ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಅದು ಸಾಕ್ಷಿ ಹೇಳುವ ಜಾಗ.

ಆ ಸಾಕ್ಷಿ ಬೆಳಕಿಗೆ ಬಂದದ್ದು ಹೇಗೆ, ಅದರ ಸುತ್ತ ನಡೆದ ವಾದವೇನು, ಅದು ಎಷ್ಟು ಕಾಲ ಉಳಿದೀತು ಎಂಬುದು ಈ ಸೀಮೆಯ ಜನ ತಿಳಿಯಬೇಕಾದ ಕಥೆ.

ಪಟ್ಟಣದ ಹೆಸರು ಹೋಯಿತು, ಕಲ್ಲಿನ ಹೆಸರು ಉಳಿಯಿತು

ಈ ಸೀಮೆಗೂ ಭೂವಿಜ್ಞಾನಕ್ಕೂ ನಂಟು ಹೊಸದಲ್ಲ. ಟಿಪ್ಪುವಿನ ಪತನಾನಂತರ ದಿವಾನ್ ಪೂರ್ಣಯ್ಯನವರು 1800ರ ಸುಮಾರಿಗೆ ಅರ್ಕಾವತಿ ದಂಡೆಯಲ್ಲಿ ಒಂದು ಪೇಟೆಯನ್ನು ಬೆಳೆಸಿ, ಅದಕ್ಕೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಅವರ ಹೆಸರಿಟ್ಟರು. ಅದೇ ಕ್ಲೋಸ್‌ಪೇಟೆ. ಸ್ವಾತಂತ್ರ್ಯಾನಂತರ ಅದು ರಾಮನಗರವಾಯಿತು. 2007ರಲ್ಲಿ ರಾಮನಗರದ ಹೆಸರಿನಲ್ಲೇ ಜಿಲ್ಲೆ ರಚನೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಕನಕಪುರವೂ ಹಿಂದೆ ಕಾನಕಾನಹಳ್ಳಿಯಾಗಿತ್ತು. ಬಹುಕಾಲ ಕನಕಪುರ ತಾಲ್ಲೂಕಿನಲ್ಲಿದ್ದ ಮರಳವಾಡಿ ಹೋಬಳಿ ಈಗ ಹಾರೋಹಳ್ಳಿ ತಾಲ್ಲೂಕಿಗೆ ಸೇರಿದೆ.

ಇಷ್ಟೆಲ್ಲ ಹೆಸರುಗಳು ಬದಲಾದರೂ ಒಂದು ಹೆಸರು ಬದಲಾಗಲಿಲ್ಲ. ಜಗತ್ತಿನ ಯಾವ ವಿಶ್ವವಿದ್ಯಾಲಯದ ಭೂವಿಜ್ಞಾನ ಗ್ರಂಥ ತೆರೆದರೂ ದಕ್ಷಿಣ ಭಾರತದ ಅಧ್ಯಾಯದಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಸಿಗುತ್ತದೆ. ಸಾವನದುರ್ಗ, ರಾಮದೇವರ ಬೆಟ್ಟ ಮೊದಲಾದ ಏಕಶಿಲೆಯಂತೆ ತೋರುವ ಬೆಟ್ಟಗಳೆಲ್ಲ ಇದೇ ಕಲ್ಲಿನವು. ‘ಶೋಲೆ’ ಚಿತ್ರದಿಂದ ದೇಶದ ಜನ ನೋಡಿದ ಬಂಡೆಗಳೂ ಇವೇ. ದಕ್ಷಿಣದಲ್ಲಿ ಕಾವೇರಿ ಕಣಿವೆಯ ಕಡೆಯಿಂದ ಉತ್ತರದ ರಾಯಚೂರು ಸೀಮೆಯವರೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಈ ಗ್ರಾನೈಟ್ ಒಂದು ಪಟ್ಟಿಯಂತೆ ಚಾಚಿದೆ. ಅಗಲ ಮಾತ್ರ 20 ಕಿಲೋಮೀಟರಿನ ಆಸುಪಾಸು.

ಈ ಪಟ್ಟಿಯ ಎರಡೂ ಬದಿಗೆ ಹರಡಿರುವುದು ಇನ್ನೂ ಹಳೆಯ ಕಲ್ಲು. ಬೂದು ಬಣ್ಣ, ನಡುನಡುವೆ ಬಿಳಿ ಮತ್ತು ಕಪ್ಪು ಪಟ್ಟೆ. ಮರಳವಾಡಿ ಕಡೆಯ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಗುಡ್ಡವೂ ಇದೇ ಜಾತಿಗೆ ಸೇರಿದ್ದು. ಭೂವಿಜ್ಞಾನಿಗಳು ಇದನ್ನು ನೈಸ್ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾಯಿತು. ಮೊದಲು ಅದರ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. ಅವರ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಸಂಸ್ಥಾನದ ಭೂಚರಿತ್ರೆಯ ರೂಪರೇಖೆಯನ್ನು ಪ್ರಕಟಿಸಿ, ಈ ಬೂದು ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಎಂದರೆ ಪರ್ಯಾಯ ದ್ವೀಪದ ನೈಸ್. ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ಅಡಿಪಾಯ. ಲಾಲ್‌ಬಾಗಿನ ಫಲಕ ಇದರ ವಯಸ್ಸನ್ನು 300 ಕೋಟಿ ವರ್ಷ ಎಂದು ಹೇಳುತ್ತದೆ.

ಗ್ರಾನೈಟಿನ ಕುರಿತು ಮೊದಲ ವಿಸ್ತಾರವಾದ ಅಧ್ಯಯನ ಮಾಡಿದವರು ಕನ್ನಡಿಗರೇ ಆದ ಬಿ.ಪಿ. ರಾಧಾಕೃಷ್ಣ. ಕ್ಲೋಸ್‌ಪೇಟೆ ಗ್ರಾನೈಟನ್ನು ಕುರಿತ ಅವರ ಗ್ರಂಥವನ್ನು 1956ರಲ್ಲಿ ಮೈಸೂರು ಭೂವಿಜ್ಞಾನಿಗಳ ಸಂಘ ಪ್ರಕಟಿಸಿತು. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವಿಜ್ಞಾನ ಸಂಘ ಹುಟ್ಟಲು ಮತ್ತು ಅದರ ಪತ್ರಿಕೆ ಬೆಳೆಯಲು ಮುಖ್ಯ ಕಾರಣರೂ ಅವರೇ. ಬಹಳ ಕಾಲದ ನಂತರ, 1991ರಲ್ಲಿ, ಸಿ.ಆರ್.ಎಲ್. ಫ್ರೆಂಡ್ ಮತ್ತು ಅಲೆನ್ ನಟ್‌ಮನ್ ಎಂಬ ವಿಜ್ಞಾನಿಗಳು ಈ ಗ್ರಾನೈಟಿನಲ್ಲಿರುವ ಜಿರ್ಕಾನ್ ಎಂಬ ಪುಟ್ಟ ಹರಳುಗಳನ್ನು ಪರೀಕ್ಷಿಸಿ, ಯುರೇನಿಯಂ ಎಷ್ಟು ಪಾಲು ಸೀಸವಾಗಿದೆ ಎಂಬ ಲೆಕ್ಕದಿಂದ ವಯಸ್ಸು ಕಂಡುಹಿಡಿದರು. ಅದು ಸುಮಾರು 251 ಕೋಟಿ ವರ್ಷ.

ಹೀಗೆ ಈ ಸೀಮೆಯಲ್ಲಿ ಎರಡು ಮುಖ್ಯ ಕಲ್ಲುಗಳು. ಹಳೆಯದು ಬೂದು ನೈಸ್, ಅದರ ನಡುವೆ ನುಗ್ಗಿ ಬಂದದ್ದು ಗ್ರಾನೈಟ್. ಕಬ್ಬಾಳಿನಲ್ಲಿ ಇವೆರಡರ ಜೊತೆಗೆ ಮೂರನೆಯದೊಂದು ಕಾಣಿಸಿಕೊಳ್ಳುತ್ತದೆ. ಅದರ ಹೆಸರು ಚಾರ್ನೊಕೈಟ್.

ಸಮಾಧಿಗಲ್ಲು ಕೊಟ್ಟ ಹೆಸರು

ಚಾರ್ನೊಕೈಟ್ ಎಂಬ ಹೆಸರು ಬಂದ ಬಗೆ ಸ್ವಾರಸ್ಯಕರವಾಗಿದೆ. ಕೋಲ್ಕತ್ತದ ಸ್ಥಾಪಕ ಎಂದು ಬಹುಕಾಲ ಕರೆಯಲಾದ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಕ್ 1693ರಲ್ಲಿ ತೀರಿಕೊಂಡ. ಆ ನಗರದ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ ಅವನ ಸಮಾಧಿ ಇದೆ. ಸಮಾಧಿಗೆ ಹಾಕಿದ ಕಪ್ಪು ಕಲ್ಲು ಬಂಗಾಳದ್ದಲ್ಲ, ಮದರಾಸಿನ ಬಳಿಯ ಪಲ್ಲಾವರದ ಕಡೆಯಿಂದ ಹೋದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಹಾಲೆಂಡ್ ಆ ಕಲ್ಲನ್ನು ಪರೀಕ್ಷಿಸಿ, 1893ರಲ್ಲಿ ಅದಕ್ಕೆ ಚಾರ್ನಕ್‌ನ ಹೆಸರನ್ನೇ ಇಟ್ಟರು. 1900ರಲ್ಲಿ ದಕ್ಷಿಣ ಭಾರತದ ಇಂಥ ಕಲ್ಲುಗಳನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ವರದಿ ಬರೆದರು. ನೀಲಗಿರಿ, ಶೇವರಾಯ್ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳ ಬಹುಪಾಲು ಈ ಕಲ್ಲೇ.

ನೋಡಲು ಇದು ಕಡು ಹಸಿರು ಕಂದು. ಹೊಸದಾಗಿ ಒಡೆದ ಮೈ ಎಣ್ಣೆ ಸವರಿದಂತೆ ಜಿಡ್ಡುಜಿಡ್ಡಾಗಿ ಹೊಳೆಯುತ್ತದೆ. ಗ್ರಾನೈಟಿನಲ್ಲಿರುವ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಖನಿಜಗಳೇ ಇದರಲ್ಲೂ ಇವೆ. ವ್ಯತ್ಯಾಸ ಒಂದು ಖನಿಜದ್ದು. ಸಾಮಾನ್ಯ ಗ್ರಾನೈಟ್ ಮತ್ತು ನೈಸ್‌ನಲ್ಲಿ ಕಪ್ಪಗೆ ಕಾಣುವುದು ಬಯೋಟೈಟ್, ಎಂದರೆ ಕರಿಯ ಕಾಗೆಬಂಗಾರ, ಮತ್ತು ಹಾರ್ನ್‌ಬ್ಲೆಂಡ್. ಇವೆರಡರ ಒಡಲಲ್ಲೂ ಸ್ವಲ್ಪ ನೀರಿನ ಅಂಶ ಸೇರಿರುತ್ತದೆ. ಚಾರ್ನೊಕೈಟಿನಲ್ಲಿ ಇವುಗಳ ಸ್ಥಾನದಲ್ಲಿ ಹೈಪರ್‌ಸ್ತೀನ್ ಎಂಬ ಖನಿಜವಿರುತ್ತದೆ. ಅದರಲ್ಲಿ ನೀರಿಲ್ಲ. ಆದ್ದರಿಂದ ಚಾರ್ನೊಕೈಟನ್ನು ಒಣಕಲ್ಲು ಎಂದು ಕರೆದರೆ ತಪ್ಪಾಗಲಾರದು.

ಈ ಒಣಕಲ್ಲು ಹುಟ್ಟಿದ್ದು ಹೇಗೆ? ಶಿಲಾರಸ ತಣ್ಣಗಾಗಿ ನೇರವಾಗಿ ಹೀಗೆ ಗಟ್ಟಿಯಾಯಿತು, ಇದು ಅಗ್ನಿಶಿಲೆ ಎಂದು ಹಾಲೆಂಡ್ ವಾದಿಸಿದರು. ಅಲ್ಲ, ಬೇರೆ ಯಾವುದೋ ಹಳೆಯ ಕಲ್ಲು ಭೂಗರ್ಭದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡಿತು ಎಂದು ಇತರರು ಹೇಳಿದರು. ಐವತ್ತು ವರ್ಷ ಈ ವಾದ ನಡೆಯಿತು. ಮೈಸೂರು ಭೂವಿಜ್ಞಾನ ಇಲಾಖೆಯ ಬಿ. ರಾಮರಾವ್ 1945ರಲ್ಲಿ ಸಂಸ್ಥಾನದ ಚಾರ್ನೊಕೈಟುಗಳ ಮೇಲೆ ಒಂದು ವರದಿ ಹೊರತಂದರು. 1953ರಲ್ಲಿ ಸಿ.ಎಸ್. ಪಿಚ್ಚಮುತ್ತು ಅವರು ‘ಚಾರ್ನೊಕೈಟ್ ಸಮಸ್ಯೆ’ ಎಂಬ ಅರ್ಥದ ಶೀರ್ಷಿಕೆ ಕೊಟ್ಟು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. ಅದನ್ನೂ ಪ್ರಕಟಿಸಿದ್ದು ಬೆಂಗಳೂರಿನ ಮೈಸೂರು ಭೂವಿಜ್ಞಾನಿಗಳ ಸಂಘವೇ. ‘ಸಮಸ್ಯೆ’ ಎಂಬ ಮಾತೇ ಆಗಿನ ಪರಿಸ್ಥಿತಿಯನ್ನು ಹೇಳುತ್ತದೆ.

ವಾದ ಬಗೆಹರಿಯದಿರಲು ಕಾರಣ ಸರಳ. ಬೆಟ್ಟಕ್ಕೆ ಬೆಟ್ಟವೇ ಚಾರ್ನೊಕೈಟ್ ಆಗಿರುವ ಕಡೆ ಅದು ಮೊದಲು ಏನಾಗಿತ್ತು ಎಂದು ಹೇಳುವುದು ಕಷ್ಟ. ಮುದ್ದೆ ಕಟ್ಟಿ ತಟ್ಟೆಗೆ ಇಟ್ಟ ಮೇಲೆ ಹಿಟ್ಟು ಯಾವಾಗ ಹಾಕಿದರು, ನೀರು ಎಷ್ಟು ಇತ್ತು ಎಂದು ಯಾರು ಹೇಳಬಲ್ಲರು? ಒಲೆಯ ಮೇಲೆ ಅರ್ಧ ಬೆಂದಿರುವಾಗ ನೋಡಿದರೆ ತಿಳಿದೀತು. ಭೂವಿಜ್ಞಾನಿಗಳಿಗೆ ಬೇಕಾಗಿದ್ದುದು ಅಂಥ ಅರೆಬೆಂದ ಕಲ್ಲು.

1960ರ ಪುಟ್ಟ ಲೇಖನ

ಅದು ಸಿಕ್ಕಿದ್ದು ಕಬ್ಬಾಳಿನಲ್ಲಿ. 1960ರಲ್ಲಿ ಪಿಚ್ಚಮುತ್ತು ಅವರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ತಯಾರಾಗುತ್ತಿರುವ ಚಾರ್ನೊಕೈಟ್ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಮರುವರ್ಷ ಭಾರತೀಯ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪೆನಿನ್ಸುಲರ್ ನೈಸ್ ಚಾರ್ನೊಕೈಟಾಗಿ ಮಾರ್ಪಡುವ ಬಗ್ಗೆ ಮತ್ತೊಂದು ಲೇಖನ ಬರೆದರು.

ಕಬ್ಬಾಳಿನ ಕಲ್ಲಿನ ಮೈ ಹೀಗಿದೆ: ಬೂದು ನೈಸ್ ತನ್ನ ಪಟ್ಟೆಗಳೊಡನೆ ನೇರವಾಗಿ ಸಾಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಆ ಪಟ್ಟೆಗಳ ಮೇಲೆ ಎಣ್ಣೆ ಚೆಲ್ಲಿದಂತೆ ಕಡು ಹಸಿರು ಕಲೆ ಕಾಣಿಸುತ್ತದೆ. ಕೆಲವು ಕಲೆಗಳು ಅಂಗೈಯಷ್ಟು, ಕೆಲವು ಚಾಪೆಯಷ್ಟು ದೊಡ್ಡವು. ಕೆಲವು ಕಡೆ ಕಲ್ಲಿನ ಬಿರುಕಿನ ಜಾಡು ಹಿಡಿದು ನಾಳದಂತೆ ಸಾಗುತ್ತವೆ. ಕಲೆಯ ಒಳಗೆ ಹರಳುಗಳು ದಪ್ಪವಾಗುತ್ತವೆ, ನೈಸ್‌ನ ಪಟ್ಟೆಗಳು ಮಸುಕಾಗಿ ಕ್ರಮೇಣ ಅಳಿಸಿಹೋಗುತ್ತವೆ. ಆ ಬದಿಯಲ್ಲಿ ಮತ್ತೆ ಅದೇ ಪಟ್ಟೆ ಮುಂದುವರಿಯುತ್ತದೆ. ಆ ಕಡು ಹಸಿರು ಕಲೆಯೇ ಚಾರ್ನೊಕೈಟ್.

ಇದರ ಅರ್ಥ ಸ್ಪಷ್ಟವಾಗಿತ್ತು. ಹೊರಗಿನಿಂದ ಶಿಲಾರಸ ಬಂದು ನುಗ್ಗಿದ್ದರೆ ಅದು ಪಟ್ಟೆಗಳನ್ನು ಕತ್ತರಿಸಿ, ಬದಿಗೆ ತಳ್ಳಿ ಜಾಗ ಮಾಡಿಕೊಳ್ಳಬೇಕಿತ್ತು. ಇಲ್ಲಿ ಪಟ್ಟೆಗಳು ಇದ್ದ ಜಾಗದಲ್ಲೇ ಇವೆ, ಕಲ್ಲು ಮಾತ್ರ ಬೇರೆಯಾಗಿದೆ. ಎಂದರೆ ನೈಸ್ ನಿಂತ ನಿಲುವಿನಲ್ಲೇ ಚಾರ್ನೊಕೈಟಾಗಿ ಬದಲಾಗಿದೆ. ಬದಲಾವಣೆ ಎಲ್ಲ ಕಡೆ ಹಬ್ಬುವ ಮೊದಲೇ ನಿಂತೂ ಹೋಗಿದೆ. ಹಾಲೆಂಡರ ವಾದ ಎಲ್ಲ ಚಾರ್ನೊಕೈಟುಗಳಿಗೂ ಅನ್ವಯಿಸದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಬಿಸಿಲು ಮಳೆಗೆ ಸಿಕ್ಕ ಬಂಡೆಯ ಹೊರಮೈಯಲ್ಲಿ ಈ ಕಲೆಗಳು ಸುಲಭವಾಗಿ ಕಾಣುವುದಿಲ್ಲ. ಕಾಲಾಂತರದಲ್ಲಿ ಹಸಿರು ಬಣ್ಣ ಮಾಸಿ ನೈಸೂ ಚಾರ್ನೊಕೈಟೂ ಹೆಚ್ಚು ಕಡಿಮೆ ಒಂದೇ ಬಣ್ಣಕ್ಕೆ ತಿರುಗುತ್ತವೆ. ವ್ಯತ್ಯಾಸ ಎದ್ದು ಕಾಣುವುದು ಹೊಸದಾಗಿ ಒಡೆದ ಮೈಯಲ್ಲಿ. ಸುತ್ತಿಗೆ, ಉಳಿ ಹಿಡಿದು ಸೈಜುಗಲ್ಲು, ಚಪ್ಪಡಿ ತೆಗೆಯುವ ಕಲ್ಲುಕುಟಿಗರ ದುಡಿಮೆಯಿಂದ ತೆರೆದುಕೊಂಡ ಪುಟವನ್ನು ವಿಜ್ಞಾನಿಗಳು ಓದಿದರು. ವಿಜ್ಞಾನದ ಗ್ರಂಥಗಳಲ್ಲಿ ಆ ಕೆಲಸಗಾರರ ಹೆಸರುಗಳಿಲ್ಲ, ಕ್ವಾರಿಯ ಹೆಸರಿದೆ.

ಒಣಗಾಳಿ ಎಲ್ಲಿಂದ ಬಂತು?

ಬದಲಾವಣೆ ಆಯಿತು ಎಂಬುದು ಖಚಿತವಾದ ಮೇಲೆ ಹುಟ್ಟಿದ ಪ್ರಶ್ನೆ, ಅದು ಆದದ್ದು ಯಾವುದರಿಂದ ಎಂಬುದು. ಬರೀ ಶಾಖದಿಂದ ಎನ್ನಲು ಬರುವಂತಿರಲಿಲ್ಲ. ಒಂದೇ ಬಂಡೆಯಲ್ಲಿ ಒಂದು ಅಡಿ ಅಂತರದಲ್ಲಿ ಒಂದು ಭಾಗ ಬದಲಾಗಿ ಇನ್ನೊಂದು ಭಾಗ ಹಾಗೆಯೇ ಉಳಿದಿದೆ. ಎರಡಕ್ಕೂ ತಗುಲಿದ ಶಾಖ, ಬಿದ್ದ ಒತ್ತಡ ಒಂದೇ ಅಲ್ಲವೆ?

ಇದಕ್ಕೆ ಒಂದು ಸುಳಿವು ದೂರದ ನಾರ್ವೆಯಿಂದ ಬಂತು. ಅಲ್ಲಿನ ಇಂಥದೇ ಒಣಕಲ್ಲುಗಳ ಬೆಣಚಿನ ಹರಳುಗಳಲ್ಲಿ ಅತಿ ಸಣ್ಣ ಗುಳ್ಳೆಗಳಿರುವುದನ್ನು, ಅವುಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುವುದನ್ನು ಜಾಕ್ ತುರೆ ಎಂಬ ವಿಜ್ಞಾನಿ 1971ರಲ್ಲಿ ತೋರಿಸಿದರು. ಇಂಥ ಗುಳ್ಳೆಯನ್ನು ಪರೀಕ್ಷಿಸುವ ವಿಧಾನ ಸರಳ. ಕಲ್ಲಿನ ತೆಳು ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೀವ್ರವಾಗಿ ತಂಪು ಮಾಡಿ, ಮತ್ತೆ ನಿಧಾನವಾಗಿ ಬಿಸಿ ಮಾಡುತ್ತಾರೆ. ಒಳಗಿನ ಮಂಜು ಸೊನ್ನೆಗಿಂತ 56.6 ಡಿಗ್ರಿ ಸೆಲ್ಷಿಯಸ್ ಕೆಳಗೆ ಕರಗಿದರೆ ಅದು ಶುದ್ಧ ಇಂಗಾಲದ ಡೈಆಕ್ಸೈಡ್ ಎಂದು ಅರ್ಥ.

ಈ ಸುಳಿವು ಹಿಡಿದು ಕಬ್ಬಾಳಿನ ಕಡೆಗೆ ಬಂದವರಲ್ಲಿ ಪ್ರಮುಖರು ಮೈಸೂರು ವಿಶ್ವವಿದ್ಯಾಲಯದ ಎ.ಎಸ್. ಜನಾರ್ದನ್, ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ನ್ಯೂಟನ್ ಮತ್ತು ಎಡ್ವರ್ಡ್ ಹ್ಯಾನ್ಸನ್. ಇವರು ದಕ್ಷಿಣ ಕರ್ನಾಟಕ ಮತ್ತು ಉತ್ತರ ತಮಿಳುನಾಡಿನ ಬಂಡೆಗಳನ್ನು ಅಭ್ಯಸಿಸಿ 1982ರಲ್ಲಿ ವಿಸ್ತಾರವಾದ ಪ್ರಬಂಧ ಪ್ರಕಟಿಸಿದರು. ಕಬ್ಬಾಳಿನಂಥ ಕಡೆ ಈ ಬದಲಾವಣೆ ನಡೆದದ್ದು ಸುಮಾರು 700ರಿಂದ 750 ಡಿಗ್ರಿ ಶಾಖದಲ್ಲಿ, 20 ಕಿಲೋಮೀಟರಿನಷ್ಟು ಆಳದಲ್ಲಿ. ಅದಕ್ಕೆ ಕಾರಣ ಇನ್ನೂ ಆಳದಿಂದ ಬಿರುಕುಗಳ ಗುಂಟ ಮೇಲೆ ಬಂದ ಇಂಗಾಲದ ಡೈಆಕ್ಸೈಡ್ ಎಂಬುದು ಅವರ ವಿವರಣೆ.

ಇದನ್ನು ಅರ್ಥಮಾಡಿಕೊಳ್ಳಲು ಒದ್ದೆ ಬಟ್ಟೆಯನ್ನು ನೆನೆದರೆ ಸಾಕು. ಮಳೆಗಾಲದಲ್ಲಿ ಗಾಳಿಯ ತುಂಬ ತೇವವಿದ್ದಾಗ ಎಷ್ಟು ಹೊತ್ತು ಹರವಿದರೂ ಬಟ್ಟೆ ಒಣಗುವುದಿಲ್ಲ. ಒಣಗಾಳಿ ಬೀಸಿದರೆ ಬಿಸಿಲು ಹೆಚ್ಚದಿದ್ದರೂ ಒಣಗುತ್ತದೆ. ನೈಸ್‌ನ ಕಾಗೆಬಂಗಾರದಲ್ಲಿರುವ ನೀರಿನ ಅಂಶವೂ ಹಾಗೆ. ಸುತ್ತ ನೀರಿನ ಆವಿಯೇ ತುಂಬಿದ್ದರೆ ಅದು ಬಿಟ್ಟುಹೋಗದು. ಇಂಗಾಲದ ಡೈಆಕ್ಸೈಡ್ ಬಂದು ಆವಿಯನ್ನು ತೆಳುವಾಗಿಸಿದರೆ ಅದೇ ಶಾಖದಲ್ಲಿ ನೀರು ಹೊರಟು, ಉಳಿದದ್ದು ಹೈಪರ್‌ಸ್ತೀನ್ ಆಗುತ್ತದೆ. ಒಣಗಾಳಿ ತಾಗಿದ ಕಡೆ ಕಲ್ಲು ಬದಲಾಯಿತು, ತಾಗದ ಕಡೆ ಹಾಗೆಯೇ ಉಳಿಯಿತು. ಕಲೆಗಳು ಬಿರುಕಿನ ಜಾಡಿನಲ್ಲಿರುವುದಕ್ಕೂ ಇದು ಹೊಂದುತ್ತಿತ್ತು.

ಇದಕ್ಕೆ ಒಂದು ವರ್ಷ ಮೊದಲೇ, 1981ರಲ್ಲಿ, ಬ್ರಿಟನ್ನಿನ ಫ್ರೆಂಡ್ ‘ನೇಚರ್’ ಪತ್ರಿಕೆಯಲ್ಲಿ ಕಬ್ಬಾಳದುರ್ಗದ ಬಗ್ಗೆ ಬರೆದು, ಚಾರ್ನೊಕೈಟಿನ ಹುಟ್ಟನ್ನೂ ಗ್ರಾನೈಟಿನ ಹುಟ್ಟನ್ನೂ ಇದೇ ಅನಿಲದ ಹರಿವಿನೊಡನೆ ಜೋಡಿಸಿದ್ದರು. ಈ ನಂಟನ್ನು ಹೀಗೆ ವಿವರಿಸಬಹುದು: ಕೆಳಗೆ ಕಲ್ಲು ಒಣಗಿದಾಗ ಹೊರಬಿದ್ದ ನೀರು ಮೇಲಕ್ಕೆ ಹೋಗಬೇಕು. ಬಿಸಿಯಾಗಿರುವ ಕಲ್ಲಿಗೆ ನೀರು ಸೇರಿದರೆ ಅದು ಬೇಗ ಕರಗುತ್ತದೆ. ಕರಗಿದ್ದು ಶಿಲಾರಸವಾಗಿ ಮೇಲೇರಿ ಗ್ರಾನೈಟ್ ಆಗುತ್ತದೆ. ಕಬ್ಬಾಳಿನ ಅರೆಬೆಂದ ಕಲ್ಲಿಗೂ ರಾಮನಗರದ ಬೆಟ್ಟಗಳಿಗೂ ಇರಬಹುದಾದ ಸಂಬಂಧವನ್ನು ಈ ಚಿಂತನೆ ಮುಂದಿಟ್ಟಿತು.

ಮುಗಿಯದ ವಾದ

ವಿಜ್ಞಾನದಲ್ಲಿ ಒಂದು ವಿವರಣೆ ಬಂದರೆ ಅದಕ್ಕೆ ಹತ್ತು ಪ್ರಶ್ನೆಗಳು ಏಳುತ್ತವೆ. ಕಬ್ಬಾಳಿನ ವಿಷಯದಲ್ಲೂ ಹಾಗೆಯೇ ಆಯಿತು. ಇಷ್ಟೊಂದು ಅನಿಲ ಎಲ್ಲಿಂದ ಬಂತು? ಹರಳಿನೊಳಗಿನ ಗುಳ್ಳೆಗಳು ಆ ಕಾಲದವೇ, ಅಥವಾ ಕಲ್ಲು ತಣ್ಣಗಾದ ಮೇಲೆ ಸೇರಿಕೊಂಡವೇ? ಕಲ್ಲು ಸ್ವಲ್ಪ ಕರಗಿ, ಆ ಕರಗಿದ ಭಾಗವೇ ನೀರನ್ನು ಹೀರಿಕೊಂಡು ಹೋಗಿರಬಾರದೇಕೆ? ಹೀಗೆ ಕೇಳಿದವರು ಅನೇಕರು.

ಜರ್ಮನಿಯ ಸ್ಟೇಲ್, ರೈತ್ ಮತ್ತು ಸಂಗಡಿಗರು 1987ರಲ್ಲಿ ಕಬ್ಬಾಳಿನ ನೈಸನ್ನೂ ಅದರ ಪಕ್ಕದ ಚಾರ್ನೊಕೈಟನ್ನೂ ಅಂಗುಲ ಅಂಗುಲವಾಗಿ ರಾಸಾಯನಿಕ ವಿಶ್ಲೇಷಣೆಗೆ ಒಳಪಡಿಸಿದರು. ಬದಲಾದ ಭಾಗದಲ್ಲಿ ಪೊಟ್ಯಾಷಿಯಂ ಹೆಚ್ಚಾಗಿತ್ತು. ಕಬ್ಬಿಣ, ಮೆಗ್ನೀಷಿಯಂ, ಕ್ಯಾಲ್ಸಿಯಂ ಕಡಿಮೆಯಾಗಿದ್ದವು. ಎಂದರೆ ನೀರು ಹೋದದ್ದಷ್ಟೇ ಅಲ್ಲ, ಕಲ್ಲಿನ ಮೂಲಕ ಏನೋ ಹರಿದು ಕೆಲವನ್ನು ತಂದು ಕೆಲವನ್ನು ಒಯ್ದಿತ್ತು. ಇಂಗಾಲದ ಡೈಆಕ್ಸೈಡ್ ಒಂದೇ ಇದನ್ನೆಲ್ಲ ಮಾಡುವುದು ಕಷ್ಟ. ಅಚ್ಚರಿ ಎಂದರೆ, ಅನಿಲದ ವಾದವನ್ನು ಮುಂದಿಟ್ಟಿದ್ದ ನ್ಯೂಟನ್ ಅವರೇ 1998ರಲ್ಲಿ ಸಹೋದ್ಯೋಗಿಗಳೊಡನೆ, ಭೂಮಿಯ ಆಳದಲ್ಲಿ ಉಪ್ಪು ತುಂಬಿದ ದ್ರವವೂ ಕಲ್ಲನ್ನು ಒಣಗಿಸುವ ಕೆಲಸ ಮಾಡಬಲ್ಲದು ಎಂದು ಬರೆದರು. ಮೀನಿಗೆ, ಮಾವಿನಕಾಯಿಗೆ ಉಪ್ಪು ಹಾಕಿದರೆ ನೀರು ಬಿಡುವುದನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದು.

ಹಾಲೆಂಡರ ವಾದವೂ ಪೂರ್ತಿ ಬಿದ್ದುಹೋಗಲಿಲ್ಲ. ಕೆಲವು ಚಾರ್ನೊಕೈಟುಗಳು ನಿಜಕ್ಕೂ ಶಿಲಾರಸದಿಂದಲೇ ಗಟ್ಟಿಯಾದವು ಎಂದು ಈಗ ಒಪ್ಪಲಾಗಿದೆ. ಒಂದೇ ಬಣ್ಣದ ಕಲ್ಲು ಎರಡು ದಾರಿಯಲ್ಲಿ ಹುಟ್ಟಬಹುದು. ಎರಡನೆಯ ದಾರಿಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು ಕಬ್ಬಾಳು. ಆ ಬಳಿಕ ಕೇರಳದಲ್ಲಿ, ಶ್ರೀಲಂಕೆಯಲ್ಲಿ ಇಂಥ ಅರೆಬೆಂದ ಕಲ್ಲುಗಳು ಪತ್ತೆಯಾದವು. ಅವುಗಳ ಅಧ್ಯಯನದಲ್ಲಿ ಮೈಸೂರಿನ ವಿಜ್ಞಾನಿಗಳ ಪಾಲೂ ದೊಡ್ಡದು. ಆ ಎಲ್ಲ ತಾಣಗಳ ಸಾಲಿನಲ್ಲಿ ಮೊದಲ ಹೆಸರು ಕನಕಪುರ ಸೀಮೆಯ ಈ ಕ್ವಾರಿಯದು.

ಓರೆಯಾಗಿ ಸವೆದ ನಾಡು

ಇಷ್ಟಕ್ಕೂ 20 ಕಿಲೋಮೀಟರ್ ಆಳದಲ್ಲಿ ನಡೆದ ಕೆಲಸ ಹೊಲದ ಬದಿಯಲ್ಲಿ ಕಾಣುವುದು ಹೇಗೆ? ಕರ್ನಾಟಕದ ನೆಲ ಓರೆಯಾಗಿ ಎದ್ದು ಸವೆದಿರುವುದೇ ಇದಕ್ಕೆ ಕಾರಣ. ದಕ್ಷಿಣದ ಭಾಗ ಹೆಚ್ಚು ಎದ್ದಿತು, ಹೆಚ್ಚು ಸವೆಯಿತು. ಉತ್ತರದ ಭಾಗ ಕಡಿಮೆ ಎದ್ದಿತು, ಮೇಲ್ಪದರ ಉಳಿಯಿತು. ಹೀಗಾಗಿ ಗದಗ, ಚಿತ್ರದುರ್ಗದ ಕಡೆಯಿಂದ ದಕ್ಷಿಣಕ್ಕೆ ಪಯಣಿಸುವವನು ನೆಲದ ಮೇಲೆಯೇ ನಡೆಯುತ್ತಿದ್ದರೂ, ಶಿಲೆಗಳ ಲೆಕ್ಕದಲ್ಲಿ ಭೂಮಿಯ ಒಳಕ್ಕೆ ಇಳಿಯುತ್ತಿರುತ್ತಾನೆ. ಓರೆಯಾಗಿ ಕೊಯ್ದ ಬಾಳೆದಿಂಡಿನಲ್ಲಿ ಹೊರಪದರದಿಂದ ತಿರುಳಿನವರೆಗೆ ಒಂದೇ ಮೈಯಲ್ಲಿ ಕಾಣುವಂತೆ, ಇಲ್ಲಿ ಭೂಮಿಯ ಚಿಪ್ಪಿನ ಪದರಗಳು ಕಾಣುತ್ತವೆ. ಪಿಚ್ಚಮುತ್ತು ಅವರೂ ಈ ಓರೆಯನ್ನು ಗುರುತಿಸಿ ಬರೆದಿದ್ದರು.

ಈ ಪಯಣದಲ್ಲಿ ಮರಳವಾಡಿ ಸುತ್ತಿನ ನೆಲ ಬದಲಾವಣೆಯ ಹೊಸ್ತಿಲಿಗೆ ಹತ್ತಿರದ್ದು. ಅಲ್ಲಿ ನೈಸ್ ಬಹುಮಟ್ಟಿಗೆ ನೈಸ್ ಆಗಿಯೇ ಇದೆ. ಕಬ್ಬಾಳು ಹೊಸ್ತಿಲ ಮೇಲಿದೆ. ಹಲಗೂರು ದಾಟಿ ದಕ್ಷಿಣಕ್ಕೆ ಹೋದಂತೆ ಒಣಕಲ್ಲಿನ ಪಾಲು ಹೆಚ್ಚುತ್ತದೆ. ಸಾತನೂರು–ಹಲಗೂರು ಭಾಗದ ಚಾರ್ನೊಕೈಟುಗಳ ಬಗ್ಗೆ ಟಿ.ಸಿ. ದೇವರಾಜು ಮತ್ತು ಎಂ.ಎಸ್. ಸದಾಶಿವಯ್ಯ 1969ರಲ್ಲೇ ಪ್ರಬಂಧ ಬರೆದಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಂತೂ ಅದರದೇ ರಾಜ್ಯ.

ಇದನ್ನು ತಿಳಿದು ಆಗುವ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ನೀರಿನ ಅಂಶವಿರುವ ಕಲ್ಲು ಬಿಸಿಯಾದರೆ ಬೇಗ ಮೆತ್ತಗಾಗುತ್ತದೆ, ಕರಗುತ್ತದೆ. ಒಣಗಿದ ಕಲ್ಲು ಸುಲಭವಾಗಿ ಬಾಗದು. ಖಂಡಗಳ ಬುಡ ಒಣಗಿ ಬಿಗಿಯಾದದ್ದರಿಂದ ಅವು ಸ್ಥಿರವಾಗಿ ಉಳಿಯಲು ನೆರವಾಯಿತು ಎಂದು ಭೂವಿಜ್ಞಾನಿಗಳು ಭಾವಿಸುತ್ತಾರೆ. ದಖನ್ನಿನ ಈ ಭಾಗ ಕೋಟ್ಯಂತರ ವರ್ಷಗಳಿಂದ ಅಷ್ಟಾಗಿ ಅಲುಗಾಡದೆ ನಿಂತಿದೆ. ಆ ಭದ್ರತೆಯ ಒಂದು ಕಾರಣ ಕಬ್ಬಾಳಿನ ಗೋಡೆಯಲ್ಲಿ ಬರೆದಿದೆ.

ತೋರಿದ್ದೂ ಕ್ವಾರಿ, ಕಳೆಯುವುದೂ ಕ್ವಾರಿ

ಸಮಸ್ಯೆ ಇರುವುದು ಇಲ್ಲಿಯೇ. ಈ ಸಾಕ್ಷಿಯನ್ನು ತೆರೆದು ತೋರಿಸಿದ್ದು ಕಲ್ಲು ತೆಗೆಯುವ ಕೆಲಸ. ಅದೇ ಕೆಲಸ ಮುಂದುವರಿದರೆ ಸಾಕ್ಷಿ ಜಲ್ಲಿಯಾಗಿ ಹೊರಟುಹೋಗುತ್ತದೆ. ಉಳಿ ಸುತ್ತಿಗೆಯ ಕಾಲದಲ್ಲಿ ಒಂದು ಬಂಡೆ ಕರಗಲು ತಲೆಮಾರು ಬೇಕಿತ್ತು. ಸಿಡಿಮದ್ದು, ಕ್ರಷರ್ ಯಂತ್ರಗಳ ಕಾಲದಲ್ಲಿ ಅಷ್ಟು ಸಮಯ ಬೇಡ. ಬೆಂಗಳೂರು ಬೆಳೆದಂತೆ ಅದರ ರಸ್ತೆಗೆ, ಮನೆಗೆ ಜಲ್ಲಿ ಬೇಕು. ನದಿಯ ಮರಳು ಸಾಲದಾದ ಮೇಲೆ ಕಲ್ಲನ್ನೇ ಪುಡಿ ಮಾಡಿ ಎಂ–ಸ್ಯಾಂಡ್ ತಯಾರಿಸುವುದು ರೂಢಿಗೆ ಬಂದಿದೆ. ಮಳೆ, ಬಿಸಿಲು, ಹಳ್ಳ ಸೇರಿ ಸಾವಿರಾರು ವರ್ಷ ಮಾಡುತ್ತಿದ್ದ ಕೆಲಸವನ್ನು ಯಂತ್ರ ಒಂದು ಪಾಳಿಯಲ್ಲಿ ಮುಗಿಸುತ್ತದೆ.

ಕಲ್ಲು ಕೆಲಸವನ್ನೇ ನಂಬಿದ ಕುಟುಂಬಗಳು ಈ ಸೀಮೆಯಲ್ಲಿ ಸಾಕಷ್ಟಿವೆ. ಕ್ವಾರಿಗಳನ್ನೆಲ್ಲ ಮುಚ್ಚಬೇಕು ಎಂದು ಹೇಳುವುದು ಸುಲಭ, ನ್ಯಾಯವಲ್ಲ. ಪ್ರಶ್ನೆ ಎಲ್ಲ ಬಂಡೆಗಳದ್ದಲ್ಲ. ಬೂದು ನೈಸ್ ಈ ನಾಡಿನಲ್ಲಿ ಯಥೇಚ್ಛವಾಗಿದೆ. ಅದು ಚಾರ್ನೊಕೈಟಾಗುತ್ತಿರುವಾಗ ನಿಂತುಹೋದ ನೆಲೆಗಳು ಕೆಲವೇ. ಮೊದಲು ವರದಿಯಾದ ನೆಲೆ ಎಂಬ ಹಿರಿಮೆ ಇರುವುದು ಒಂದಕ್ಕೇ.

ಕಲ್ಲಿಗೂ ರಕ್ಷಣೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಕರ್ನಾಟಕದವು ನಾಲ್ಕು: ಲಾಲ್‌ಬಾಗಿನ ನೈಸ್, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆಗಳು. ಚಾರ್ನಕ್‌ನ ಸಮಾಧಿಗೆ ಕಲ್ಲು ಕೊಟ್ಟ ಸೀಮೆಯಲ್ಲೇ, ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಬಳಿಯ ಚಾರ್ನೊಕೈಟಿಗೂ ಈ ಗೌರವ ಸಿಕ್ಕಿದೆ. ಆ ಕಲ್ಲು ಹುಟ್ಟುವ ಬಗೆಯನ್ನು ತೋರಿಸಿದ ಕಬ್ಬಾಳು ಮಾತ್ರ ಪಟ್ಟಿಯಲ್ಲಿಲ್ಲ. ಇಂಥ ತಾಣಗಳ ರಕ್ಷಣೆಗಾಗಿ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಒಂದು ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟಿತು. ಸ್ಮಾರಕ ಎಂಬ ಹೆಸರಷ್ಟೇ ಸಾಲದು, ಕಾನೂನಿನ ಬಲವೂ ಬೇಕು ಎಂಬ ಭೂವಿಜ್ಞಾನಿಗಳ ಬಹುದಿನದ ಬೇಡಿಕೆ ಅದರ ಹಿಂದಿತ್ತು.

ಇದೇ ಸೀಮೆಯಲ್ಲಿ ಇನ್ನೊಂದು ಉದಾಹರಣೆಯೂ ಇದೆ. ರಾಮದೇವರ ಬೆಟ್ಟದ ಬಂಡೆಗಳ ಸಂದಿಯಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದುದರಿಂದ 2012ರಲ್ಲಿ ಆ ಬೆಟ್ಟವನ್ನು ರಣಹದ್ದು ವನ್ಯಧಾಮ ಎಂದು ಘೋಷಿಸಲಾಯಿತು. ಹಕ್ಕಿಯ ದೆಸೆಯಿಂದ ಅಲ್ಲಿನ ಕ್ಲೋಸ್‌ಪೇಟೆ ಗ್ರಾನೈಟಿಗೂ ರಕ್ಷಣೆ ದೊರೆಯಿತು. ಕಬ್ಬಾಳಿನ ಕಲ್ಲಿನ ಪರವಾಗಿ ಹೇಳಲು ಅಂಥ ಹಕ್ಕಿಯಿಲ್ಲ. ಅದರ ಪರವಾಗಿ ಇರುವುದು ಗ್ರಂಥಾಲಯಗಳಲ್ಲಿರುವ ಪ್ರಬಂಧಗಳು, ಪ್ರಯೋಗಾಲಯಗಳ ಪೆಟ್ಟಿಗೆಗಳಲ್ಲಿರುವ ಕಲ್ಲಿನ ಚೂರುಗಳು ಮಾತ್ರ.

ಚೂರುಗಳು ಇದ್ದರೆ ಸಾಲದೇ ಎಂದರೆ, ಸಾಲದು. ನೈಸಿನ ಚೂರೊಂದು, ಚಾರ್ನೊಕೈಟಿನ ಚೂರೊಂದು ಎಲ್ಲಿ ಬೇಕಾದರೂ ಸಿಗುತ್ತವೆ. ಒಂದು ಇನ್ನೊಂದಾಗುವ ಗಡಿ, ಪಟ್ಟೆ ಮಸುಕಾಗುವ ಜಾಗ, ಬಿರುಕಿನ ಜಾಡು ಇವು ಬಂಡೆಯಲ್ಲಿ ಮಾತ್ರ ಇರುತ್ತವೆ. ಅನಿಲದ ವಾದ, ಉಪ್ಪುನೀರಿನ ವಾದ ಎರಡೂ ಇನ್ನೂ ಮುಗಿದಿಲ್ಲ. ನಾಳೆ ಹೊಸ ಉಪಕರಣ ಹಿಡಿದು ಬರುವ ವಿದ್ಯಾರ್ಥಿ ಹೊಸ ಪ್ರಶ್ನೆ ಕೇಳಬೇಕಾದರೆ ಆ ಗೋಡೆ ಅಲ್ಲಿ ನಿಂತಿರಬೇಕು. ಕನಕಪುರ, ಹಾರೋಹಳ್ಳಿ, ಮರಳವಾಡಿಯ ಶಾಲಾ ಮಕ್ಕಳನ್ನು ಕರೆದೊಯ್ದು, ನಿಮ್ಮ ಹೊಲದ ಬಂಡೆ ಒಳಗೊಳಗೇ ಹೇಗೆ ಬದಲಾಗುತ್ತದೆ ನೋಡಿ ಎಂದು ತೋರಿಸಲಿಕ್ಕೂ ಅದು ಬೇಕು. ಅದಕ್ಕೆ ಬೇಕಾದದ್ದು ಕ್ವಾರಿಯ ಒಂದು ಪಾರ್ಶ್ವ, ಒಂದು ಬೇಲಿ, ಕನ್ನಡದಲ್ಲಿ ಬರೆದ ಒಂದು ಫಲಕ. 250 ಕೋಟಿ ವರ್ಷ ಉಳಿದು ಬಂದದ್ದನ್ನು ಉಳಿಸಲು ಇದು ಹೆಚ್ಚಿನ ಬೆಲೆಯೇನೂ ಅಲ್ಲ.